ಗರುಡಬಂಡಿ ಹಿಂದಕ್ಕೆ ಜಾರಿದ ಸಂಜೆ

ಸಾವಿರದ ಒಂಬೈನೂರ ನಲವತ್ತಾರನೇ ಇಸವಿ ಜನವರಿ ಹದಿನೆಂಟು, ಶುಕ್ರವಾರ. ಸಂಕ್ರಾಂತಿ ಕಳೆದು ಇನ್ನೂ ವಾರ ತುಂಬಿರಲಿಲ್ಲ. ಮದ್ದೂರು ಪೊಲೀಸ್ ಠಾಣೆಯಲ್ಲಿ ಆಗತಾನೆ ಲಾಂದ್ರ ಹಚ್ಚಿ ತೂಗುಹಾಕಿದ್ದರು. ಇನ್ಸ್‌ಪೆಕ್ಟರ್ ರಾಮಲಿಂಗಯ್ಯ ನರಸಿಂಹಸ್ವಾಮಿಯ ಗುಡಿಯಿಂದ ಬಂದು, ಟೋಪಿ ಇಡುವ ಮುಂಚೆ ಕಿವಿಯ ತುಳಸಿಯನ್ನು ತೆಗೆಯಬೇಕೋ ಬೇಡವೋ ಎಂದು ಯೋಚಿಸುತ್ತಿದ್ದಾಗ ಬೀದಿಯ ಕಡೆಯಿಂದ ಗದ್ದಲ ಕೇಳಿಸಿತು.

ಇಪ್ಪತ್ತು ಮೂವತ್ತು ಜನ ಒಬ್ಬ ಆಳನ್ನು ಎಳೆದುಕೊಂಡು ಬರುತ್ತಿದ್ದರು. ಅವನ ಅಂಗಿ ಹರಿದಿತ್ತು, ತುಟಿ ಒಡೆದಿತ್ತು. ಮುಂದೆ ಬರುತ್ತಿದ್ದವರು ಊರಿನ ದೊಡ್ಡ ಕಬ್ಬಿನ ಬೆಳೆಗಾರರಾದ ಕೆಂಪಸಿದ್ದಯ್ಯನವರು.

"ಇವನ್ನ ಒಳಗಾಕಿ ಸ್ವಾಮಿ! ನನ್ ತಂಗಿ ಕೈ ಮುರಿದವ್ನೆ. ಆ ಸುಡುಗಾಡು ಬಂಡಿಗೆ ಈಗ್ಲೇ ಓಗಿ ಬೆಂಕಿ ಇಕ್ಕುಸ್ತೀನಿ."

"ಬೆಂಕಿ ಇಕ್ಕಿಸಿದರೆ ನಿಮ್ಮ ಮೇಲೂ ಒಂದು ಕೇಸು ಬರೀಬೇಕಾಗ್ತದೆ ಗೌಡ್ರೆ. ಮೊದಲು ಕೂತ್ಕೊಳ್ಳಿ," ಎಂದರು ರಾಮಲಿಂಗಯ್ಯ. ತುಳಸಿ ಕಿವಿಯಲ್ಲೇ ಉಳಿಯಿತು.

ಗರುಡಬಂಡಿಯ ವಿಷಯ ಮದ್ದೂರಿನಲ್ಲಿ ಗೊತ್ತಿಲ್ಲದವರಿರಲಿಲ್ಲ. ಶಿಂಷಾ ಹೊಳೆಯ ಕಡೆಯ ಬಯಲಿನಲ್ಲಿ, ರೈಲು ರಸ್ತೆಯ ಪಕ್ಕದಲ್ಲೇ, ಕೊತ್ತತ್ತಿಯ ಪಟ್ಟಲಮ್ಮ ಎಂಬಾಕೆ ಒಂದು ವಿನೋದದ ಬಯಲು ಹೂಡಿದ್ದಳು. ಮರದ ಕುದುರೆಗಳ ತಿರುಗಣಿ, ಕೈಯಲ್ಲಿ ತಿರುಗಿಸುವ ತೊಟ್ಟಿಲು ಚಕ್ರ ಎಲ್ಲವೂ ಇದ್ದವು. ಜನ ಬರುತ್ತಿದ್ದುದು ಮಾತ್ರ ಬಂಡಿಗೆ. ಪಟ್ಟಲಮ್ಮನ ತೀರಿಹೋದ ಗಂಡ ನಾಲೆಯ ಕೆಲಸದಲ್ಲಿ ಟ್ರಾಲಿ ಮೇಸ್ತ್ರಿಯಾಗಿದ್ದವನು. ನಾಲೆ ಮುಗಿದ ಮೇಲೆ ಹರಾಜಿಗೆ ಬಂದ ಹಳೆಯ ಕಂಬಿಗಳನ್ನೂ ಮಣ್ಣು ಹೊರುವ ಟ್ರಾಲಿಯನ್ನೂ ಕೊಂಡು ತಂದು, ತೆಂಗಿನಮರದೆತ್ತರಕ್ಕೆ ಮರದ ಅಟ್ಟ ಕಟ್ಟಿ, ಅದರ ಮೇಲಿಂದ ಕಂಬಿಯನ್ನು ಹಾವಿನ ಹಾಗೆ ಏರಿಳಿಸಿದ್ದ. ಟ್ರಾಲಿಗೆ ಬೆಂಚು ಬಡಿದು ಗರುಡನ ಮುಖ ಕೂರಿಸಿದ್ದ. ಮೇಲಿಂದ ಬಿಟ್ಟರೆ ಬಂಡಿ ಪಾತಾಳಕ್ಕೆ ಬಿದ್ದ ಹಾಗೆ ಬಿದ್ದು, ಎದ್ದು, ಮತ್ತೆ ಬಿದ್ದು, ಕೊನೆಗೆ ಹುಲ್ಲಿನ ಮೆದೆಗೆ ಮೂಗು ತಾಕಿಸಿ ನಿಲ್ಲುತ್ತಿತ್ತು. ಇಳಿದವರು ಹೆಂಡ ಕುಡಿದವರಂತೆ ಓಲಾಡುತ್ತ, ನಗುತ್ತ, ಮತ್ತೆ ಸಾಲಿನ ಹಿಂದೆ ಹೋಗಿ ನಿಲ್ಲುತ್ತಿದ್ದರು.

ಬಂಡಿಯನ್ನು ಮೇಲಕ್ಕೆ ಏರಿಸುತ್ತಿದ್ದವು ಎರಡು ಎತ್ತುಗಳು. ಹಗ್ಗ ಬಂಡಿಯಿಂದ ಅಟ್ಟದ ತುದಿಯ ರಾಟೆಗೆ ಹೋಗಿ, ಅಲ್ಲಿಂದ ಹಿಂಬದಿಗೆ ಇಳಿದು ಎತ್ತುಗಳ ನೊಗಕ್ಕೆ ಬರುತ್ತಿತ್ತು. ಎತ್ತುಗಳು ಇಳಿಜಾರು ಹಾದಿಯಲ್ಲಿ ಕೆಳಗೆ ನಡೆದರೆ ಬಂಡಿ ಆ ಕಡೆ ಮೇಲೇರುತ್ತಿತ್ತು. ತುದಿ ಮುಟ್ಟಿದಾಗ ಕಬ್ಬಿಣದ ಕೊಕ್ಕೆ ಬಂಡಿಯನ್ನು ಕಚ್ಚಿ ಹಿಡಿಯುತ್ತಿತ್ತು. ಆ ಎತ್ತುಗಳನ್ನು ಹೊಡೆಯುತ್ತಿದ್ದವನೇ ಈಗ ಠಾಣೆಯಲ್ಲಿ ನೆಲದ ಮೇಲೆ ಕುಳಿತಿದ್ದ ಸಿದ್ದರಾಜು.

"ಏನಾಯ್ತೋ?" ಎಂದರು ರಾಮಲಿಂಗಯ್ಯ.

"ಎತ್ತು ಇಂದಕ್ಕೆ ಬಂದ್ವು ಬುದ್ಧಿ."

"ನೀನು ಎಲ್ಲಿದ್ದೆ?"

"ಪಕ್ಕದಲ್ಲೇ ಇದ್ದೆ. ಅರ್ಧ ಆದಿ ಇಳಿದಿದ್ವು. ಇದ್ದಕ್ಕಿದ್ದಂಗೆ ನಿಂತ್ವು. ನಿಂತು ಇಂದಿಂದಕ್ಕೆ ಎಜ್ಜೆ ಇಕ್ಕುದ್ವು. ನಾನು ಚಾವಟಿ ಬೀಸ್ದೆ, ಬಾಯಿ ಬಡ್ಕಂಡೆ, ಕೇಳ್ಲಿಲ್ಲ. ಆಮೇಲೆ ಬಂಡಿ ಭಾರಕ್ಕೆ ಜಾರುದ್ವು, ನೊಗದಿಂದ ಅಗ್ಗ ಕಿತ್ಕಂಡ್ ಓಯ್ತು."

"ಕುಡಿದಿದ್ಯಾ?"

"ಮಾದಪ್ಪನಾಣೆ ಇಲ್ಲ."

"ಕುಡೀದೆ ಇದ್ರೆ ಇಂಥ ಕತೆ ಉಟ್ಟಾಕಿಲ್ಲ ಕಣ್ಲಾ," ಎಂದು ದಫೇದಾರ್ ಕರಿಸಿದ್ದಯ್ಯ ಮೀಸೆಯಡಿಯಲ್ಲಿ ನಕ್ಕ. "ಎತ್ತು ತಾನೇ ತಾನಾಗಿ ಇಂದಕ್ಕೆ ನಡೀತಂತೆ!"

ಹಿಂದಕ್ಕೆ ಜಾರಿದ ಬಂಡಿ ಹತ್ತುವ ಜಗಲಿಗೆ ಬಡಿದಿತ್ತು. ಒಳಗಿದ್ದ ಐವರಲ್ಲಿ ನಾಲ್ವರಿಗೆ ತರಚು ಗಾಯ, ಕೆಂಪಸಿದ್ದಯ್ಯನವರ ತಂಗಿ ಮೀನಾಕ್ಷಮ್ಮನಿಗೆ ಎಡಗೈ ಮುರಿತ. ದೂರನ್ನು ಬರೆದುಕೊಂಡು, ಪ್ರಾಣಕ್ಕೆ ಅಪಾಯವಾಗುವಂಥ ಅಜಾಗರೂಕತೆಯಿಂದ ಭಾರಿ ಗಾಯ ಮಾಡಿದ್ದೆಂದು ಎಫ್‌ಐಆರ್ ಆಯಿತು. ಆರೋಪಿಯ ಹೆಸರು ಸಿದ್ದರಾಜು. ಅವನನ್ನು ಲಾಕಪ್ಪಿಗೆ ಹಾಕುವಾಗ ಅವನು ಕೇಳಿದ್ದು ಒಂದೇ ಮಾತು: "ಎತ್ತಿಗೆ ಯಾರು ನೀರು ತೋರುಸ್ತಾರೆ ಬುದ್ಧಿ?"

ಆ ಮಾತು ರಾಮಲಿಂಗಯ್ಯನವರ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು.

ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ ಅಮಲ್ದಾರರ ಹುಕುಂ ಬಂತು. ಒಂದು ವಾರದೊಳಗೆ ಅಪಘಾತದ ಕಾರಣ ಖಚಿತವಾಗದಿದ್ದರೆ ಗರುಡಬಂಡಿಯನ್ನು ಬಿಚ್ಚಿಸಿ, ಆರೋಪಿಯ ಮೇಲೆ ಚಾರ್ಜ್‌ಶೀಟ್ ಹಾಕತಕ್ಕದ್ದು.

ಅದನ್ನು ಓದಿ ಹೇಳಿದಾಗ ಪಟ್ಟಲಮ್ಮ ಅಟ್ಟದ ಕಂಬವೊಂದಕ್ಕೆ ಕೈಯಾನಿಸಿ ನಿಂತಿದ್ದಳು. ಅಳಲಿಲ್ಲ. "ನನ್ ಗಂಡ ಸಾಯೋ ಮುಂಚೆ ಈ ಮರಕ್ಕೆಲ್ಲ ಒಂದೊಂದಾಗಿ ಅರಳೆಣ್ಣೆ ಸವರಿ ಓಗವ್ನೆ ಸ್ವಾಮಿ. ಬಿಚ್ಚುದ್ರೆ ಮತ್ತೆ ಕಟ್ಟೋ ಕೈ ಇಲ್ಲ. ಸಿದ್ದರಾಜ ತಪ್ಪು ಮಾಡಾಕಿಲ್ಲ. ಅವನು ಎತ್ತಿಗಿಂತ ಮುಂಚೆ ಉಣ್ಣೋನಲ್ಲ."

ಇಬ್ಬರು ಪಂಚರನ್ನು ಕರೆಸಿ ಸ್ಥಳದ ಪಂಚನಾಮೆ ಆರಂಭಿಸಿದರು. ಅಟ್ಟವನ್ನು ಹತ್ತಿ ನೋಡಬೇಕಾಗಿತ್ತು. ರಾಮಲಿಂಗಯ್ಯನವರು ಹುಟ್ಟಿದಾರಭ್ಯ ಗುಡಿಯ ಮೆಟ್ಟಿಲಿಗಿಂತ ಎತ್ತರಕ್ಕೆ ಹತ್ತಿದವರಲ್ಲ. ಕತ್ತು ಎತ್ತಿ ತುದಿಯನ್ನು ನೋಡಿದರೇ ಅವರ ಅಂಗಾಲು ಜುಮ್ಮೆನ್ನುತ್ತಿತ್ತು. "ಚಲುವರಾಜು, ನೀನು ಹತ್ತು," ಎಂದರು.

ಕಾನ್‌ಸ್ಟೇಬಲ್ ಚಲುವರಾಜು ಮೇಲೆ ಹೋಗಿ ನೋಡಿದ. ತುದಿಯಲ್ಲಿ ಕೆಲಸ ಮಾಡುತ್ತಿದ್ದವನು ಪಟ್ಟಲಮ್ಮನ ಮೈದುನ ಬೆಟ್ಟಯ್ಯ. ರಾಟೆ ಸರಿಯಾಗಿತ್ತು. ಕೊಕ್ಕೆ ಸರಿಯಾಗಿತ್ತು. ಹಗ್ಗವನ್ನು ಮಾರುಮಾರಾಗಿ ಕೈಯಲ್ಲಿ ಹಾಯಿಸಿ ನೋಡಿದರು. ಎಲ್ಲೂ ಕೊಯ್ದಿರಲಿಲ್ಲ, ಎಳೆ ಬಿಟ್ಟಿರಲಿಲ್ಲ.

"ಇನ್ನೇನು ಸಾರ್? ಎಲ್ಲ ನೆಟ್ಟಗದೆ ಅಂದ್ಮೇಲೆ ತಪ್ಪು ಸಿದ್ದರಾಜುದೇ," ಎಂದ ದಫೇದಾರ್.

ರಾಮಲಿಂಗಯ್ಯ ಎತ್ತಿನ ಹಾದಿಗೆ ಬಂದು ಕುಕ್ಕರುಗಾಲಲ್ಲಿ ಕುಳಿತರು. ಸಂಜೆಸಂಜೆಗೆ ನೀರು ಚಿಮುಕಿಸುತ್ತಿದ್ದ ಮಣ್ಣಿನಲ್ಲಿ ಗೊರಸಿನ ಗುರುತು ಅಚ್ಚೊತ್ತಿದಂತೆ ಉಳಿದಿತ್ತು. ಕೆಳಗೆ ಮುಖಮಾಡಿ ಇಳಿದ ಗುರುತುಗಳಿದ್ದವು. ಹಾದಿಯ ನಡುವಿನಿಂದ ಅದೇ ಗುರುತುಗಳ ಮೇಲೆಯೇ ಇನ್ನೊಂದು ಸಾಲು ಬಿದ್ದಿತ್ತು. ಮೊದಲ ಹೆಜ್ಜೆಗಳು ಒಂದಾದ ಮೇಲೊಂದು, ಹದವಾಗಿ, ಅವಸರವಿಲ್ಲದೆ ಹಿಂದಕ್ಕೆ ಇಟ್ಟವು. ಅದರಾಚೆಗೆ ಮಾತ್ರ ಮಣ್ಣು ಉತ್ತಂತೆ ಕಿತ್ತು ಹೋಗಿತ್ತು.

"ಕರಿಸಿದ್ದಯ್ಯ, ಇಲ್ಲಿ ನೋಡು. ಬಂಡಿ ಎತ್ತುಗಳನ್ನ ಎಳೆದಿದ್ದರೆ ಮೊದಲಿನಿಂದಲೇ ನೆಲ ಹೀಗೆ ಕಿತ್ತಿರಬೇಕಿತ್ತು. ಇವು ಮೊದಲು ತಾವಾಗೇ ನಡೆದಿವೆ. ಆಮೇಲೆ ಜಾರಿವೆ."

ದಫೇದಾರ್ ಬಗ್ಗಿ ನೋಡಿದ. ಮೀಸೆಯಡಿಯ ನಗೆ ಅಡಗಿತು. "ಔದಲ್ಲ ಸಾರ್. ಬುಡ್ತು ಅನ್ನಿ, ನಾನು ಬಾಯಿ ಬುಡಬಾರದಿತ್ತು."

ಎತ್ತಿನ ಹಾದಿಯ ಪಕ್ಕಕ್ಕೆ ಜನ ನುಗ್ಗದಂತೆ ಬಿದಿರಿನ ತಟ್ಟಿ ಕಟ್ಟಿದ್ದರು. ಅದರಾಚೆ ಹುಡುಕುತ್ತಿದ್ದ ಚಲುವರಾಜು ಕೂಗಿದ. ಒಂದು ಕಡೆ ತಟ್ಟಿಯ ಹೆಣಿಗೆಯನ್ನು ಎತ್ತಿನ ಮೂತಿ ತೂರುವಷ್ಟು ಸರಿಸಿದ್ದರು. ಕೆಳಗೆ ಬೇಯಿಸಿದ ಹುರುಳಿ ಒಂದು ಹಿಡಿಯಷ್ಟು ಚೆಲ್ಲಿ ಇರುವೆ ಮುತ್ತಿತ್ತು. ರಾಮಲಿಂಗಯ್ಯ ನಾಲ್ಕು ಕಾಳು ಎತ್ತಿ ಮೂಸಿದರು. ಓಮದ ವಾಸನೆ ಬಂತು.

"ನಿಮ್ಮ ಎತ್ತಿಗೆ ಹುರುಳಿಗೆ ಓಮ ಹಾಕಿ ಬೇಯಿಸ್ತೀರೇನಮ್ಮ?"

"ಇಲ್ಲ ಸ್ವಾಮಿ," ಎಂದಳು ಪಟ್ಟಲಮ್ಮ. "ನಾವು ಇಂಡಿ, ಬೂಸ ಇಕ್ಕೋದು."

ಕಾಳುಗಳನ್ನು ಕಾಗದದಲ್ಲಿ ಕಟ್ಟಿ ಅರಗಿನ ಮುದ್ರೆ ಒತ್ತಿದರು. ಪಂಚರು ಹೆಬ್ಬೆಟ್ಟು ಹಾಕಿದರು. ಎತ್ತುಗಳನ್ನು ಕೇಸಿನ ಮುದ್ದೇಮಾಲೆಂದು ಠಾಣೆಯ ಹಿತ್ತಲಿಗೆ ಹೊಡೆಸಿದರು.

ಮಧ್ಯಾಹ್ನ ಆಸ್ಪತ್ರೆಯಲ್ಲಿ ಮೀನಾಕ್ಷಮ್ಮನ ಹೇಳಿಕೆಯಾಯಿತು. ಆಕೆ ಮಂಡ್ಯದ ಹೆಣ್ಣುಮಕ್ಕಳ ಶಾಲೆಯಲ್ಲಿ ಉಪಾಧ್ಯಾಯಿನಿ. ಕೈಗೆ ಕಟ್ಟು ಹಾಕಿಸಿಕೊಂಡು ಕಿಟಕಿಯ ಬಳಿ ಕುಳಿತಿದ್ದಳು.

"ನಮ್ಮಣ್ಣ ಬೆಂಕಿ ಹಾಕಿಸಿದ್ನೋ, ಬಂಡಿ ಇನ್ನೂ ಇದೆಯೋ?"

"ಇದೆಯಮ್ಮ."

"ಸದ್ಯ. ನಾನಿನ್ನೂ ಅದರಲ್ಲಿ ಕೆಳಗಿಳಿದೇ ಇಲ್ಲ. ಹತ್ತೋದರಲ್ಲೇ ಮುಗೀತು."

"ಬಂಡಿ ಏರುವಾಗ ಏನಾದರೂ ಕಂಡಿರಾ, ಕೇಳಿದಿರಾ?"

ಆಕೆ ಕಣ್ಣು ಮುಚ್ಚಿಕೊಂಡು ನೆನೆದಳು. "ಅರ್ಧ ಭಾಗ ಏರಿದ್ವು. ಹೊಳೆ ಕಾಣ್ತಿತ್ತು. ಕೆಳಗಡೆ ಯಾರೋ ಪದ ಹೇಳ್ತಿದ್ದರು. ಬಸವಣ್ಣನ ಪದ. ಎಂಥ ಗಂಟಲು ಅಂತೀರಿ! ಎತ್ತು ಹೊಡೆಯೋನು ಇಷ್ಟು ಚೆನ್ನಾಗಿ ಹಾಡ್ತಾನಲ್ಲ ಅಂದ್ಕೊಂಡೆ. ಅಷ್ಟರಲ್ಲಿ ಜಾರಿತು."

ಠಾಣೆಗೆ ಬಂದವರೇ ರಾಮಲಿಂಗಯ್ಯ ಲಾಕಪ್ಪಿನ ಮುಂದೆ ನಿಂತರು. "ಸಿದ್ದರಾಜು, ನೀನು ಎತ್ತು ಹೊಡೆಯುವಾಗ ಪದ ಹೇಳ್ತೀಯಾ?"

"ನಾನಾ ಬುದ್ಧಿ? ನನ್ ಗಂಟ್ಲಿಗೆ ಎತ್ತು ಕಣ್ಣಿ ಕಿತ್ಕಂಡು ಓಯ್ತವೆ. ತಟ್ಟಿ ಆಚೆ ಯಾರೋ ಪದ ಯೋಳ್ತಿದ್ದಂಗಿತ್ತು, ಜನದ ಗದ್ಲ ಅಂತ ಕಿವಿಗೆ ಆಕ್ಕಳ್ಳಿಲ್ಲ."

"ಬಂಡಿ ಮೇಲೆ ಮುಟ್ಟಿದ ಮೇಲೆ ಎತ್ತನ್ನ ಹೇಗೆ ವಾಪಸು ತರ್ತೀಯ?"

"ಅಗ್ಗ ಬಿಚ್ಚಿ, ಸುತ್ತಾಕ್ಕೊಂಡು ಮುಂದಾಗೇ ಅತ್ತುಸ್ತೀನಿ. ಇಂದಕ್ಕೆ ನಡ್ಸೋದು ನಂಗೆ ಬರಾಕಿಲ್ಲ."

ರಾಮಲಿಂಗಯ್ಯ ಹಿತ್ತಲಿಗೆ ಹೋದರು. ಹುಣಿಸೆಮರದಡಿ ಬೂದ ಎಂಬ ಎತ್ತು ಮೆಲುಕು ಹಾಕುತ್ತಿತ್ತು. ಕೆಂದ ಎಂಬುದು ಮುಂದಿದ್ದ ಹುಲ್ಲನ್ನು ಮೂಸಿಯೂ ನೋಡದೆ ನಿಂತಿತ್ತು. ಅದರ ಹೆಗಲನ್ನು ಸವರಿದಾಗ ಕೈಗೆ ನೊಗದ ಹಳೆಯ ಜಡ್ಡು ತಾಗಿತು. ಆ ಗಳಿಗೆಯಲ್ಲಿ ಅವರಿಗೆ ತಮ್ಮ ತಂದೆ ನೆನಪಾದರು. ನಸುಕಿನ ಮಂಜಿನಲ್ಲಿ ಬಾವಿಯ ಬಳಿ ತಂದೆ ಕಪಿಲೆ ಹೊಡೆಯುತ್ತಿದ್ದರು. ಎತ್ತುಗಳು ಇಳಿಜಾರಿನಲ್ಲಿ ನಡೆದರೆ ತೊಗಲ ಬಾನಿ ನೀರು ತುಂಬಿಕೊಂಡು ಮೇಲೆ ಬರುತ್ತಿತ್ತು. ನೀರು ತೊಟ್ಟಿಗೆ ಸುರಿದ ಮೇಲೆ ತಂದೆ ಒಂದು ಪದ ಎತ್ತುತ್ತಿದ್ದರು. ಆ ಪದದ ತಿರುವು ಬಂದ ಕೂಡಲೇ ಎತ್ತುಗಳು ಮುಖ ತಿರುಗಿಸದೆ ಹಿಂದಿಂದಕ್ಕೆ ಹೆಜ್ಜೆಯಿಟ್ಟು ಬಾವಿಯ ದಡಕ್ಕೆ ಬಂದು ನಿಲ್ಲುತ್ತಿದ್ದವು. ಚಾವಟಿ ಬೇಕಿರಲಿಲ್ಲ. ಬೇರೆಯವರು ಅದೇ ಪದ ಹೇಳಿದರೆ ಅವು ಕಿವಿಯನ್ನೂ ಆಡಿಸುತ್ತಿರಲಿಲ್ಲ. ತಮ್ಮನ್ನು ಪಳಗಿಸಿದವನ ಗಂಟಲೇ ಆಗಬೇಕು.

"ಸ್ವಾಮಿ ನರಸಿಂಹ," ಎಂದುಕೊಂಡರು ರಾಮಲಿಂಗಯ್ಯ. "ಇವು ಕಪಿಲೆ ಎತ್ತುಗಳು."

ಪಟ್ಟಲಮ್ಮನನ್ನು ಮತ್ತೆ ಕರೆಸಿದರು.

"ಎತ್ತು ಎಲ್ಲಿ ಕೊಂಡ್ರಿ?"

"ದೀಪಾವಳಿ ಕಳೆದ ಮೇಲೆ, ಮಳವಳ್ಳಿ ಸಂತೇಲಿ. ದಲ್ಲಾಳಿ ನಿಂಗಯ್ಯ ಕೊಡಿಸ್ದ."

"ಇನ್ನೊಂದು. ಅವತ್ತು ಬಂಡಿ ಜಾರಿದ್ದು ಎಷ್ಟನೇ ಸುತ್ತು?"

"ಎರಡನೇದು. ಮೊದಲ್ನೇದು ದೇವರ ಸುತ್ತು ಸ್ವಾಮಿ. ದಿನಾ ತಮಟೆ ಬಡ್ದು, ಮುಂದ್ಲ ಬೆಂಚಿಗೆ ಒಂದು ತೆಂಗಿನಕಾಯಿ ಕಟ್ಟಿ, ಬಂಡಿ ಬರಿದೇ ಬುಡ್ತೀವಿ. ಮನುಸರು ಅತ್ತೋದು ಆಮೇಲೆ. ಆವತ್ತು ಮೇಡಮ್ಮೋರು ಮಂಡ್ಯದ ರೈಲಿಗೆ ಓಗ್ಬೇಕು, ಬೇಗ ಬುಡಿ ಅಂದ್ರು. ಅದಕ್ಕೆ ದೇವರ ಸುತ್ತು ತಮಟೆಯೋನು ಬರೋಕೆ ಮುಂಚೇನೇ ಮುಗಿಸ್ಬುಟ್ವು. ಅವನು ಬಂದು ತಮಟೆ ಬಡ್ದಾಗ ಜನವೇ ಅತ್ತಿದ್ರು."

ರಾಮಲಿಂಗಯ್ಯ ಆ ಬಯಲನ್ನು ಕಣ್ಣೆದುರಿಗೆ ತಂದುಕೊಂಡರು. ತಟ್ಟಿಯ ಹಿಂದೆ ನಿಂತವನಿಗೆ ಎತ್ತು ಕಾಣುತ್ತಿತ್ತು, ಬಂಡಿ ಕಾಣುತ್ತಿರಲಿಲ್ಲ. ಅವನಿಗೆ ಕೇಳಿಸಿದ್ದು ತಮಟೆ ಮಾತ್ರ.

ಭಾನುವಾರ ಇದ್ದಿಲ ಗ್ಯಾಸಿನ ಬಸ್ಸು ಕೆಮ್ಮುತ್ತ ಕೆಮ್ಮುತ್ತ ಇನ್ಸ್‌ಪೆಕ್ಟರನ್ನೂ ಚಲುವರಾಜುವನ್ನೂ ಮಳವಳ್ಳಿಗೆ ತಂದು ಇಳಿಸಿತು. ದಲ್ಲಾಳಿ ನಿಂಗಯ್ಯ ಪೇಟೆಬೀದಿಯ ಹೋಟೆಲಿನ ಬೆಂಚಿನ ಮೇಲೆ ಸಿಕ್ಕಿದ.

"ಆ ಜೋಡಿನಾ ಸ್ವಾಮಿ? ಹಲಗೂರು ದಾರೀಲಿ ಹೊಂಗೆಕೊಪ್ಪಲು ಅಂತ ಅದೆ. ಅಲ್ಲೀ ಕರಿಯಪ್ಪನ ಮನೇವು. ಮಾರಿದ್ದು ಅವರಣ್ಣ. ಕರಿಯಪ್ಪ ದೀಪಾವಳಿಗೆ ಮಾದಪ್ಪನ ಬೆಟ್ಟಕ್ಕೆ ಓಗಿದ್ದ. ಬರೋ ಒತ್ಗೆ ಕೊಟ್ಟಿಗೆ ಖಾಲಿ."

"ಅಣ್ಣ ಯಾಕೆ ಮಾರಿದ?"

"ನಾಲೆ ನೀರು ಬಂತಲ್ಲ! ಕಪಿಲೆ ಯಾರ್ಗೆ ಬೇಕು? ಕರಿಯಪ್ಪ ಮೂರು ಸಲ ನನ್ ತಾವ ಬಂದ. ಕಾಲು ಇಡ್ಕಂಡ. ಆ ಯಮ್ಮ ಕೊಡಾಕಿಲ್ಲ ಕಣಯ್ಯ, ಬಂಡಿ ನಿಂತ್ರೆ ಕೊಟ್ಟಾಳು ಅಂದೆ. ಬಾಯಿ ಮಾತ್ಗೆ ಅಂದೆ ಸ್ವಾಮಿ."

"ಬಂಡಿ ನಿಂತರೆ," ಎಂದು ರಾಮಲಿಂಗಯ್ಯ ಮೆಲ್ಲಗೆ ಹೇಳಿಕೊಂಡರು.

ಹೊಂಗೆಕೊಪ್ಪಲಿನ ಮನೆಯ ಮುಂದೆ ರಾಗಿ ಕೇರುತ್ತಿದ್ದ ಹೆಂಗಸು ಕರಿಯಪ್ಪನ ಹೆಂಡತಿ ದೇವಿರಮ್ಮ. ಪೊಲೀಸರನ್ನು ಕಂಡು ಮೊರವನ್ನು ಕೆಳಗಿಟ್ಟಳು. "ಬಾವಿ ತಾವ ಕುಂತವ್ರೆ," ಎಂದಳು. "ಸುಕ್ರವಾರ ಎಲ್ಲೋ ಓಗಿದ್ರು. ಬಂದಾಗಿಂದ ಉಂಡಿಲ್ಲ, ಮಾತಿಲ್ಲ. ಏನ್ ಮಾಡವ್ರೆ ಸ್ವಾಮಿ?"

ಬಾವಿಯ ಕಪಿಲೆ ಕಂಬಗಳು ಬರಿದಾಗಿ ನಿಂತಿದ್ದವು. ಹಾದಿಯಲ್ಲಿ ಗರಿಕೆ ಬೆಳೆದಿತ್ತು. ಅದರ ತುದಿಯಲ್ಲಿ ಐವತ್ತು ದಾಟಿದ ಒಬ್ಬ ಆಳು ಟವೆಲನ್ನು ಮಂಡಿಗೆ ಬಿಗಿದು ಕುಳಿತಿದ್ದ. ರಾಮಲಿಂಗಯ್ಯ ಅವನ ಪಕ್ಕದ ಕಲ್ಲಿನ ಮೇಲೆ ಕುಳಿತರು.

"ಕರಿಯಪ್ಪ ನೀನೇನಾ?"

"ಔದು."

"ಶುಕ್ರವಾರ ಮದ್ದೂರಿಗೆ ಬಂದಿದ್ಯಾ?"

"ಇಲ್ಲ. ಅತ್ತ ತಲೆ ಆಕಿಲ್ಲ."

"ನಿನ್ನ ಎತ್ತು ಈಗ ಎಲ್ಲಿವೆ ಗೊತ್ತಾ?"

"ನಂಗ್ಯಾಕೆ? ಮಾರಾಯ್ತು, ಬುಟ್ಟಾಯ್ತು."

"ಠಾಣೆ ಹಿತ್ತಲಲ್ಲಿ ಕಟ್ಟಿಸಿದ್ದೀನಿ. ಬೂದ ತಿಂತದೆ. ಕೆಂದ ಶುಕ್ರವಾರದಿಂದ ಹುಲ್ಲು ಮುಟ್ಟಿಲ್ಲ."

ಸುಳ್ಳು ಹೇಳಿ ಹಿಡಿಯುವುದು ರಾಮಲಿಂಗಯ್ಯನವರಿಗೆ ಹಿಡಿಸದ ಕೆಲಸ. ಅದು ನಿಜವಾದ ಮಾತಾಗಿತ್ತು. ನಿಜವಾದ್ದರಿಂದಲೇ ನಾಟಿತು. ಕರಿಯಪ್ಪ ಮಂಡಿಯ ಟವೆಲು ಸಡಿಲಿಸಿ ಇತ್ತ ತಿರುಗಿದ.

"ಅದ್ರ ಒಟ್ಟೆ ಉಬ್ರುಸ್ತದೆ ಬುದ್ಧಿ. ಎದ್ರುಕೊಂಡ್ರೆ ಅದಕ್ಕೆ ಅಂಗೇ. ಉರುಳಿಗೆ ಓಮ ಆಕಿ ಬೇಯ್ಸಿ, ಬೆಚ್ಚಗಿದ್ದಾಗ್ಲೇ ಬಾಯಿಗೆ ಇಕ್ಬೇಕು. ಬೇರೆಯೋರು ಕೊಟ್ರೆ ತಿನ್ನಾಕಿಲ್ಲ..."

ಹೇಳಿ ಮುಗಿಸುವಷ್ಟರಲ್ಲಿ ಅವನಿಗೇ ತಿಳಿಯಿತು. ರಾಮಲಿಂಗಯ್ಯ ಜೇಬಿನಲ್ಲಿದ್ದ ಕಾಗದದ ಪೊಟ್ಟಣವನ್ನು ತೆಗೆದು ಅವನ ಮೂಗಿನ ಹತ್ತಿರ ಹಿಡಿದರು. ಮುದ್ರೆ ಒಡೆಯುವ ಅಗತ್ಯವೇ ಇರಲಿಲ್ಲ.

"ಅದ್ರಲ್ಲಿ ಬರೀ ತೆಂಗಿನಕಾಯಿ ಇರ್ತಿತ್ತು ಬುದ್ಧಿ!" ಎಂದು ಕರಿಯಪ್ಪ ಇದ್ದಕ್ಕಿದ್ದಂತೆ ಕೂಗಿದ. "ನಾಕು ದಿನ ನಿಂತು ನೋಡಿದ್ದೆ. ತಮಟೆ ಬಡ್ದ್ಮೇಲೆ ತೆಂಗಿನಕಾಯಿ ಓಯ್ತದೆ. ಬಂಡಿ ಮುರಿದ್ರೆ ಮುರೀಲಿ, ಎತ್ತು ಕೆಲ್ಸಕ್ಕಿಲ್ಲ ಅಂತ ಆಯಮ್ಮ ಮಾರಾಳು ಅನ್ಕಂಡೆ. ಆಮೇಲೆ ಎಂಗಸಿನ ಕೂಗು ಕೇಳ್ತು..." ಟವೆಲು ಬಾಯಿಗೆ ಹೋಯಿತು.

ಮಂಗಳವಾರ ಮದ್ದೂರಿನ ಬಯಲಿನಲ್ಲಿ ಅಮಲ್ದಾರರ ಸಮ್ಮುಖದಲ್ಲಿ ಪರೀಕ್ಷೆ ಏರ್ಪಾಡಾಯಿತು. ಪೊಲೀಸರ ಮುಂದೆ ಆಡಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಕಣ್ಣಿಗೆ ಕಂಡದ್ದು ನಿಲ್ಲುತ್ತದೆ. ಬಂಡಿಗೆ ಜನದ ಬದಲು ಮರಳಿನ ಮೂಟೆ ಏರಿಸಿದರು. ಊರಿಗೆ ಊರೇ ನೆರೆದಿತ್ತು. ಕೆಂಪಸಿದ್ದಯ್ಯನವರು ಕೊಡೆಯೂರಿ ಮುಂದಿನ ಸಾಲಿನಲ್ಲಿ ನಿಂತಿದ್ದರು.

ಎತ್ತುಗಳು ಅರ್ಧ ಹಾದಿ ಇಳಿದಾಗ, ಮೊದಲು ಸಿದ್ದರಾಜು "ಹಿಂದ, ಹಿಂದ" ಎಂದ. ಎತ್ತು ಮುಂದೆ ನಡೆದವು. ಎರಡನೇ ಸಲ ದಫೇದಾರ್ ಕರಿಸಿದ್ದಯ್ಯ ಮೀಸೆ ಒರೆಸಿಕೊಂಡು ಒಂದು ಪದ ಎಳೆದ. ಬೂದ ಅಲ್ಲೇ ನಿಂತು ಗಂಜಲ ಹುಯ್ದಿತು.

"ದಫೇದಾರ್ರೆ, ಬಹುಮಾನ ಬಂತು!" ಎಂದು ಯಾರೋ ಕೂಗಿದರು. ಅಮಲ್ದಾರರೂ ನಕ್ಕರು.

ಮೂರನೆಯ ಸಲ ರಾಮಲಿಂಗಯ್ಯ, ಹೊಂಗೆಕೊಪ್ಪಲಿನಿಂದ ಕರೆಸಿದ್ದ ಕರಿಯಪ್ಪನ ಕಡೆ ತಿರುಗಿದರು. "ಬಲವಂತ ಇಲ್ಲ. ಹೇಳಬೇಕು ಅನ್ನಿಸಿದರೆ ಹೇಳು. ನೀನು ಹೇಳದಿದ್ದರೆ ಸಿದ್ದರಾಜು ಜೈಲಿಗೆ ಹೋಗ್ತಾನೆ. ಅವನೂ ನಿನ್ನ ಎತ್ತಿಗೆ ಮುಂಚೆ ಉಣ್ಣೋನಲ್ಲ."

ಕರಿಯಪ್ಪ ಸಿದ್ದರಾಜುವಿನ ಒಡೆದ ತುಟಿಯನ್ನು ನೋಡಿದ. ಬಿದಿರಿನ ತಟ್ಟಿಯ ಹತ್ತಿರ ಹೋಗಿ ನಿಂತು, ಕಣ್ಣು ಮುಚ್ಚಿ ಎತ್ತಿದ:

ಗುಂಡೀಯ ನೀರೆಲ್ಲ ಗದ್ದೇಗೆ ಹೋಯಿತು
ಬಂದ್ಬುಡು ನನ್ನ ಬಸವಣ್ಣ, ಹಿಂದಕೆ
ತಂಪಾದ ಬಾವಿ ಕರೆದಾದೆ...

ಎರಡು ಎತ್ತುಗಳೂ ಒಟ್ಟಿಗೆ ನಿಂತವು. ಕಿವಿಗಳು ಹಿಂದೆ ತಿರುಗಿದವು. ಪದದ ತಿರುವಿಗೆ ಸರಿಯಾಗಿ ಒಂದೊಂದೇ ಹೆಜ್ಜೆ, ಹದವಾಗಿ, ಹಿಂದಕ್ಕೆ ಬಂದವು. ಆ ಕಡೆ ಮರಳಿನ ಮೂಟೆ ಹೊತ್ತ ಬಂಡಿ ಕೆಳಕ್ಕೆ ಜಾರತೊಡಗಿತು. ಕಾದು ನಿಂತಿದ್ದ ಹತ್ತು ಜನ ಹಗ್ಗ ಹಿಡಿದು ನಿಲ್ಲಿಸಿದರು.

ಬಯಲಿನಲ್ಲಿ ಎದ್ದ ಕೂಗು ರೈಲ್ವೆ ಸ್ಟೇಷನ್ನಿಗೆ ಕೇಳಿಸಿತಂತೆ. ಯಾರೋ ಸಿದ್ದರಾಜುವನ್ನು ಹೆಗಲ ಮೇಲೆ ಎತ್ತಿಕೊಂಡರು. ಶುಕ್ರವಾರ ಅವನಿಗೆ ಹೊಡೆದವರೂ ಅದರಲ್ಲಿದ್ದರು.

ಅಮಲ್ದಾರರು ಮ್ಯಾಜಿಸ್ಟ್ರೇಟರೂ ಆಗಿದ್ದರಿಂದ ಕರಿಯಪ್ಪ ಅವರೆದುರಿಗೆ ನಡೆದದ್ದನ್ನೆಲ್ಲ ಒಪ್ಪಿಕೊಂಡ. ಅವನ ದಸ್ತಗಿರಿಯಾಯಿತು. ಸಿದ್ದರಾಜುವಿನ ಬಿಡುಗಡೆಯಾಯಿತು. ಬಂಡಿ ಮತ್ತೆ ಓಡಲು ಅಮಲ್ದಾರರು ಎರಡು ಷರತ್ತು ಹಾಕಿದರು. ಬಂಡಿ ಯಾವ ಕಾರಣಕ್ಕೂ ಹಿಂದಕ್ಕೆ ಜಾರದಂತೆ ತಡೆ ಹಾಕಬೇಕು. ಅದನ್ನು ತನಿಖಾಧಿಕಾರಿ ಖುದ್ದಾಗಿ ಹತ್ತಿ ಪರೀಕ್ಷಿಸಬೇಕು.

"ಖುದ್ದಾಗಿ" ಎಂಬ ಮಾತಿಗೆ ರಾಮಲಿಂಗಯ್ಯನವರ ಅಂಗಾಲು ಮತ್ತೆ ಜುಮ್ಮೆಂದಿತು.

ಬೆಟ್ಟಯ್ಯ ಹಗಲೆಲ್ಲ ಕೂತು ಏರುದಾರಿಯ ನಡುವೆ ಗರಗಸದ ಹಲ್ಲಿನಂಥ ಮರದ ಪಟ್ಟಿ ಬಡಿದ. ಬಂಡಿಯ ತಳಕ್ಕೆ ಕಬ್ಬಿಣದ ನಾಲಿಗೆ ತೂಗುಹಾಕಿದ. ಏರುವಾಗ ನಾಲಿಗೆ ಹಲ್ಲಿನಿಂದ ಹಲ್ಲಿಗೆ ಹಾರುತ್ತಿತ್ತು, ಹಿಂದೆ ಸರಿದರೆ ಕಚ್ಚಿ ನಿಲ್ಲುತ್ತಿತ್ತು.

ಗುರುವಾರ ಸಂಜೆ, ಬೆಳಕಿರುವಾಗಲೇ, ತಮಟೆ ಮೊಳಗಿತು. ದೇವರ ಸುತ್ತು ತೆಂಗಿನಕಾಯಿಯೊಂದಿಗೆ ಹೋಗಿ ಬಂತು. ಕರಿಯಪ್ಪನನ್ನು ಅದೇ ಸಂಜೆಯ ರೈಲಿಗೆ ಮಂಡ್ಯದ ಜೈಲಿಗೆ ಕರೆದೊಯ್ಯಬೇಕಿತ್ತು. ಹಿತ್ತಲಲ್ಲಿ ಕೊನೆಯ ಸಲ ಕೆಂದನ ಬಾಯಿಗೆ ಹುರುಳಿ ಇಕ್ಕಿ ಬಂದು, ದಫೇದಾರನ ಪಕ್ಕದಲ್ಲಿ ಬೇಡಿಗೈಯಾಗಿ ನಿಂತಿದ್ದ. ಪಟ್ಟಲಮ್ಮ ಅವನೆದುರಿಗೆ ಹೋಗಿ ನಿಂತಳು.

"ಕದ್ದು ನಿಂತ್ಕಂಡ್ಯಲ್ಲ, ಬಾಯಿ ಬಿಟ್ಟು ನನ್ನನ್ನೇ ಕೇಳಕೆ ಏನಾಗಿತ್ತು ನಿಂಗೆ?"

ಕರಿಯಪ್ಪ ಹೆಗಲ ಟವೆಲನ್ನು ಬೇಡಿಗೈಯಲ್ಲಿ ಎಳೆದುಕೊಂಡ.

"ಎತ್ತು ಕೊಡಾಕಿಲ್ಲ. ನೀನೇ ಬಾ. ಸಿಕ್ಸೆ ಅನುಬೌಸಿ ಮುಗುಸ್ಕೊಂಡು ಬಾ. ಈ ಸಿದ್ದರಾಜುಗೆ ಗಂಟ್ಲಿಲ್ಲ, ಎತ್ತಿಗೆ ಪದ ಬೇಕು."

"ಬರ್ಲಿ ಬರ್ಲಿ," ಎಂದ ಸಿದ್ದರಾಜು ತುಟಿ ಮುಟ್ಟಿಕೊಂಡು. "ನನ್ ತುಟಿ ಲೆಕ್ಕ ಆಗ ಮುಗುಸ್ಕೋತೀನಿ ಕಣಣ್ಣೋ."

ಮೀನಾಕ್ಷಮ್ಮ ಕೈಯನ್ನು ಕೊರಳಿಗೆ ಕಟ್ಟಿಕೊಂಡೇ ಬಂದು ಮುಂದಿನ ಬೆಂಚಿನಲ್ಲಿ ಕುಳಿತಳು. ಅಣ್ಣ ಬೇಡವೆಂದು ಕೂಗಾಡುತ್ತಿದ್ದರು. ಆಕೆ ಇನ್ಸ್‌ಪೆಕ್ಟರ ಕಡೆ ತಿರುಗಿದಳು. "ನಾನು ಒಂದು ಕೈಯಲ್ಲಿ ಹತ್ತಿದ್ದೀನಿ. ನೀವು ಎರಡು ಕೈ ಇಟ್ಕೊಂಡು ಕೆಳಗೇ ನಿಂತಿದ್ದೀರಲ್ಲ."

ರಾಮಲಿಂಗಯ್ಯ ಟೋಪಿಯನ್ನು ಚಲುವರಾಜುವಿನ ಕೈಗೆ ಕೊಟ್ಟು ಹತ್ತಿದರು. ಅಷ್ಟು ಹೊತ್ತಿಗೆ ಕೆಂಪಸಿದ್ದಯ್ಯನವರೂ ಏನೋ ಗೊಣಗುತ್ತ ಬಂದು ಹಿಂದಿನ ಬೆಂಚಿನಲ್ಲಿ ಕುಳಿತು ಕೊಡೆಯನ್ನು ಎದೆಗೆ ಅವುಚಿಕೊಂಡರು.

ಬಂಡಿ ಏರತೊಡಗಿತು. ಟಕ್, ಟಕ್, ಟಕ್ ಎಂದು ನಾಲಿಗೆ ಹಲ್ಲಿನಿಂದ ಹಲ್ಲಿಗೆ ಹಾರಿತು. ಜನರ ತಲೆಗಳು ಎಳ್ಳಿನ ಕಾಳಾದವು. ಶಿಂಷೆ ಬೆಳ್ಳಿಯ ಉಡಿದಾರದಂತೆ ಕಂಡಿತು. ದೂರದಲ್ಲಿ ನರಸಿಂಹನ ಗೋಪುರ ಕಣ್ಣಿನ ಮಟ್ಟಕ್ಕೆ ಬಂತು. ಇಷ್ಟು ಎತ್ತರದಿಂದ ದೇವರನ್ನು ನೋಡಿದ್ದು ಇದೇ ಮೊದಲೆಂದು ರಾಮಲಿಂಗಯ್ಯ ಕೈ ಮುಗಿಯಲು ಹೋಗಿ, ಸರಳನ್ನು ಬಿಡಲು ಧೈರ್ಯ ಸಾಲದೆ ಮನಸ್ಸಿನಲ್ಲೇ ಮುಗಿದರು. ಆಮೇಲೆ ಕೆಳಗೆ ನೋಡಿದರು. ಎತ್ತಿನ ಹಾದಿಯ ಪಕ್ಕದಲ್ಲಿ ಕರಿಯಪ್ಪ ನಿಂತಿದ್ದ. ಬೇಡಿ ಹಾಕಿದ ಎರಡು ಕೈಗಳಿಂದಲೂ ಟವೆಲನ್ನು ಬಾಯಿಗೆ ಒತ್ತಿ ಹಿಡಿದಿದ್ದ. ಅವನೆದುರಿಗೇ ಕೆಂದ, ಬೂದ ಹೆಜ್ಜೆ ಹಾಕುತ್ತಿದ್ದವು. ಹಲ್ಲಿನ ಪಟ್ಟಿ ಇದ್ದರೂ, ಬಂಡಿ ಜಾರುವಂತಿಲ್ಲವೆಂದು ಗೊತ್ತಿದ್ದರೂ, ತನ್ನ ಗಂಟಲನ್ನು ತಾನೇ ನಂಬದವನಂತೆ ಅವನು ಟವೆಲನ್ನು ಇನ್ನಷ್ಟು ಒತ್ತಿದ.

ತುದಿಯಲ್ಲಿ ಕೊಕ್ಕೆ ಕಚ್ಚಿದ ಸದ್ದಾಯಿತು. ಕೆಳಗೆ ಕರಿಯಪ್ಪ ಕೈ ಇಳಿಸಿದ. ಅವನ ಬಾಯಿ ಏನೋ ಕೂಗಿತು. ಕೆಂದ ತಲೆ ಎತ್ತಿ ಅವನ ಕಡೆ ನೋಡಿತು.

"ಬುಡ್ಲಾ?" ಎಂದ ಬೆಟ್ಟಯ್ಯ ಹಗ್ಗ ಬಿಚ್ಚುತ್ತ.

"ಬುಡು!" ಎಂದರು ಇನ್ಸ್‌ಪೆಕ್ಟರ್ ರಾಮಲಿಂಗಯ್ಯ.

ನೆಲ ಇಲ್ಲವಾಯಿತು. ಗಾಳಿ ಕಣ್ಣಿನ ನೀರನ್ನು ಕಿವಿಗೆ ತಂದಿತು. "ನರಸಿಂಹಾ!" ಎಂಬ ಕೂಗು ತಮ್ಮದೋ ಹಿಂದಿನ ಬೆಂಚಿನ ಕೆಂಪಸಿದ್ದಯ್ಯನವರದೋ ತಿಳಿಯಲಿಲ್ಲ. ಬಂಡಿ ಪಾತಾಳ ಮುಟ್ಟಿ, ಚಿಮ್ಮಿ, ಮತ್ತೆ ಬೀಳುವಾಗ ಭಯವೆಂಬುದು ಮೇಲೆಯೇ ಉಳಿದುಹೋಗಿತ್ತು. ಮೀನಾಕ್ಷಮ್ಮ ಒಳ್ಳೆಯ ಕೈಯನ್ನು ಗಾಳಿಗೆತ್ತಿ ನಗುತ್ತಿದ್ದಳು. ಹುಲ್ಲಿನ ಮೆದೆಗೆ ಗರುಡನ ಮೂಗು ತಾಗಿದಾಗ ಕೆಂಪಸಿದ್ದಯ್ಯನವರ ಕೊಡೆ ಬಿಚ್ಚಿಕೊಂಡು ಮೇಲೆ ಕೆಳಗಾಗಿತ್ತು.

"ಇನ್ನೊಂದು ಸುತ್ತು ಬುಡಿಸಿ," ಎಂದರು ಅವರು ಉಸಿರು ಹಿಡಿದುಕೊಂಡು. "ಸರಿಯಾಗಿ ನೋಡ್ಲೇ ಇಲ್ಲ."

ಬಯಲೆಲ್ಲ ಕೇಕೆ ಹಾಕಿತು.

ರಾಮಲಿಂಗಯ್ಯ ಇಳಿದು ಓಲಾಡುತ್ತಲೇ ಕರಿಯಪ್ಪನ ಹತ್ತಿರ ಬಂದರು. "ಕೊಕ್ಕೆ ಬಿದ್ದಾಗ ಏನು ಕೂಗಿದೆ?"

"'ನಡೀರಪ್ಪ ಮುಂದಕೆ' ಅಂದೆ ಬುದ್ಧಿ. ಬಾವಿ ತಾವ ಇಂದಕ್ಕೆ ಕರ್ದೇ ಅಭ್ಯಾಸ, ಅದ್ನ ನಾನು ಅವಕ್ಕೆ ಕಲಿಸೇ ಇರಲಿಲ್ಲ."

ದೂರದಲ್ಲಿ ರೈಲು ಕೂಗಿತು. ಕರಿಯಪ್ಪನಿಗೆ ಯಾರ ಮೇಲೂ ದ್ವೇಷವಿರಲಿಲ್ಲ. ಬಾವಿಯ ಕೆಲಸ ನಿಂತುಹೋಯಿತೆಂದು ಎಲ್ಲರೂ ಹೇಳಿದ್ದರು. ಅವನ ಗಂಟಲಿಗೆ ಮಾತ್ರ ಅದನ್ನು ಯಾರೂ ತಿಳಿಸಿರಲಿಲ್ಲ. ದಫೇದಾರ್ ಬೇಡಿಯ ಸರಪಳಿಯನ್ನು ಎಳೆಯದೆ ಸಡಿಲವಾಗಿ ಹಿಡಿದುಕೊಂಡ. ಇಬ್ಬರೂ ಸ್ಟೇಷನ್ನಿನ ಕಡೆ ನಡೆದರು. ಹಿಂದೆ ತಮಟೆ ಬಡಿಯುತ್ತಿತ್ತು, ಗರುಡಬಂಡಿ ಜನವನ್ನು ತುಂಬಿಕೊಂಡು ಟಕ್ ಟಕ್ ಎಂದು ಮತ್ತೆ ಏರುತ್ತಿತ್ತು.